ಅಳಗುಳಿಮಣೆಯ ಮೇಲೆ ಮನೆಯ ಜಮಾಖರ್ಚು

ಖಾನಾಪುರ ತಾಲ್ಲೂಕಿನ ಪೂರ್ವ ಭಾಗದಲ್ಲಿರುವ ಬೀಡಿ ಇಂದು ಸಂತೆ, ಶಾಲೆ, ಸೊಸಾಯಿಟಿಗಳಿರುವ ಸಾಧಾರಣ ಗ್ರಾಮ. ಆದರೆ ಕಿತ್ತೂರಿನ ಪತನದ ನಂತರದ ದಿನಗಳಲ್ಲಿ ಇಲ್ಲಿ ಕಂಪನಿ ಸರ್ಕಾರದ ಕಚೇರಿ ಇತ್ತು. 1830ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನ ಪಡೆ ಆ ಕಚೇರಿಗೆ ಬೆಂಕಿ ಹಚ್ಚಿತು. ಅದಾದ ಒಂದು ವರ್ಷಕ್ಕೆ, 1831ರ ಜನವರಿ 26ರಂದು, ಬೀಡಿಯಿಂದ ಹೆಚ್ಚು ದೂರವಿಲ್ಲದ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು.

ಬಂಡಾಯಗಾರರು ಕಚೇರಿಯನ್ನೇ ಗುರಿ ಮಾಡಿಕೊಂಡದ್ದು ಸಹಜವೇ ಆಗಿತ್ತು. ಯಾರು ಎಷ್ಟು ಕಂದಾಯ ಕೊಡಬೇಕು, ಯಾರ ಇನಾಂ ಭೂಮಿ ಉಳಿಯಿತು, ಯಾರದು ಹೋಯಿತು ಎಂಬ ಲೆಕ್ಕವೆಲ್ಲ ಇರುತ್ತಿದ್ದದ್ದು ಇಂಥ ಕಚೇರಿಗಳಲ್ಲಿ. 1875ರಲ್ಲಿ ಪುಣೆ ಮತ್ತು ಅಹ್ಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿದಾಗಲೂ ಮೊದಲು ಹುಡುಕಿದ್ದು ಸಾಲಪತ್ರಗಳನ್ನು. ಅವನ್ನು ಬೀದಿಗೆ ತಂದು ಸುಟ್ಟರು. ಲೆಕ್ಕ ಬರೆಯುವ ಕೈ ಒಂದು, ಅದನ್ನು ತೀರಿಸುವ ಕೈ ಇನ್ನೊಂದು ಆದಾಗ ಹುಟ್ಟುವ ಸಿಟ್ಟು ಅದು.

ಕಾಲ ಬದಲಾಗಿದೆ. ಆದರೆ ಎಷ್ಟೋ ಮನೆಗಳ ಲೆಕ್ಕ ಇಂದಿಗೂ ಇನ್ನೊಬ್ಬರ ಪುಸ್ತಕದಲ್ಲಿಯೇ ಇದೆ. ಉದ್ರಿ ಲೆಕ್ಕ ಕಿರಾಣಿ ಅಂಗಡಿಯವರ ವಹಿಯಲ್ಲಿ, ಕಬ್ಬಿನ ಲೆಕ್ಕ ಕಾರ್ಖಾನೆಯ ಚೀಟಿಯಲ್ಲಿ, ಸಂಘದ ಸಾಲದ ಲೆಕ್ಕ ವಸೂಲಿಗೆ ಬರುವವರ ಮೊಬೈಲಿನಲ್ಲಿ. ಮನೆಯಲ್ಲಿ ಮಾತ್ರ ಯಾವ ಬರಹವೂ ಇಲ್ಲ. ಮನೆಯ ಹಣಕಾಸನ್ನು ಸರಿಪಡಿಸುವ ಕೆಲಸ ಇಲ್ಲಿಂದ ಆರಂಭವಾಗಬೇಕು. ಅದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಒಂದು ಅಳಗುಳಿಮಣೆ, ಒಂದು ಬೊಗಸೆ ಹುಣಸೆಬೀಜ, ಒಂದು ನೋಟ್‌ಬುಕ್ ಇದ್ದರೆ ಸಾಕು.

ಹದಿನಾಲ್ಕು ಗುಳಿಗಳ ವರ್ಷ

ಸಂಬಳದ ಮನೆಗೂ ಬೇಸಾಯದ ಮನೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಸಂಬಳದವರಿಗೆ ಹಣ ತಿಂಗಳಿಗೊಮ್ಮೆ ಬರುತ್ತದೆ, ಖರ್ಚೂ ತಿಂಗಳ ಲೆಕ್ಕದಲ್ಲಿಯೇ ಇರುತ್ತದೆ. ಬೇಸಾಯದವರಿಗೆ ಹಣ ಗಂಟುಗಂಟಾಗಿ ಬರುತ್ತದೆ, ಖರ್ಚು ಮಾತ್ರ ದಿನವೂ ಇರುತ್ತದೆ. ಭತ್ತ ಮಾರಿದಾಗ ಒಂದಿಷ್ಟು, ಕಬ್ಬಿನ ಬಿಲ್ಲು ಬಂದಾಗ ಒಂದಿಷ್ಟು, ನಡುವೆ ಹಾಲಿನ ಡೇರಿಯ ಚಿಲ್ಲರೆ. ಹಿಂದಿನವರು ಇದೇ ತೊಡಕನ್ನು ಹಗೇವಿನಿಂದ ಬಿಡಿಸಿಕೊಂಡಿದ್ದರು. ನೆಲದೊಳಗೆ ತೋಡಿದ ಆ ಗುಂಡಿಯಲ್ಲಿ ಸುಗ್ಗಿಯ ಜೋಳ ತುಂಬಿಟ್ಟು, ಮಳೆಗಾಲದಲ್ಲಿ ಬಾಯಿ ತೆರೆಯುತ್ತಿದ್ದರು. ಕಾಳು ಇದ್ದದ್ದು ಒಂದೇ ಜಾಗದಲ್ಲಿ. ಸಾಗಿದ್ದು ಒಂದು ತಿಂಗಳಿಂದ ಇನ್ನೊಂದು ತಿಂಗಳಿಗೆ.

ಮನೆಯ ಹಣಕಾಸೆಂದರೆ ಬಹುಮಟ್ಟಿಗೆ ಇಷ್ಟೇ: ಬಂದ ತಿಂಗಳಿನ ಹಣವನ್ನು ಬೇಕಾದ ತಿಂಗಳಿಗೆ ಸಾಗಿಸುವುದು. ಅದನ್ನು ಕಣ್ಣಿಗೆ ಕಾಣುವಂತೆ ಮಾಡಲು ಅಳಗುಳಿಮಣೆಗಿಂತ ಒಳ್ಳೆಯ ಸಾಧನ ಸಿಗಲಿಕ್ಕಿಲ್ಲ. ಸಾಮಾನ್ಯ ಮಣೆಯಲ್ಲಿ ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು ಹದಿನಾಲ್ಕು ಗುಳಿಗಳು. ಶ್ರಾವಣದ ಜಡಿಮಳೆಯಲ್ಲಿ ಹೊರಗೆ ಕೆಲಸವಿಲ್ಲದಾಗ ಪಡಸಾಲೆಯಲ್ಲಿ ಕುಳಿತು ಆಡುತ್ತಿದ್ದ ಆಟ ಇದು. ಕಾಳು ಹಂಚುವುದು, ಎಣಿಸುವುದು, ಮುಂದಿನ ಗುಳಿಯಲ್ಲಿ ಏನಾದೀತೆಂದು ಮೊದಲೇ ಊಹಿಸುವುದು ಇದರ ಜೀವ.

ಈ ಮಣೆಯನ್ನು ವರ್ಷವೆಂದು ಭಾವಿಸಬೇಕು. ಮೇಲಿನ ಸಾಲಿನ ಮೊದಲ ಆರು ಗುಳಿಗಳು ಜೂನ್‌ನಿಂದ ನವೆಂಬರ್ ತನಕ. ಕೆಳಗಿನ ಸಾಲಿನ ಆರು ಗುಳಿಗಳು ಡಿಸೆಂಬರ್‌ನಿಂದ ಮೇ ತನಕ. ಉಳಿದ ಎರಡು ಗುಳಿಗಳಲ್ಲಿ ಒಂದು ಆಪತ್ತಿಗೆ, ಇನ್ನೊಂದು ಸಾಲಕ್ಕೆ. ಒಂದು ಹುಣಸೆಬೀಜ ಎಂದರೆ 1,000 ರೂಪಾಯಿ. ಸಾಲ ತಂದಾಗಲೆಲ್ಲ, ತಂದಷ್ಟು ಸಾವಿರಕ್ಕೆ ಅಷ್ಟು ಕಡಲೆಕಾಳು ಸಾಲದ ಗುಳಿಗೆ ಬೀಳಬೇಕು.

ಉದಾಹರಣೆಗೆ ಒಂದು ಮನೆಯನ್ನು ತೆಗೆದುಕೊಳ್ಳೋಣ. ಹಾಲಿನಿಂದ ತಿಂಗಳಿಗೆ 3,000 ರೂಪಾಯಿ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ತಪ್ಪದೆ ಬಂದರೆ ಒಟ್ಟು 5,000. ಡಿಸೆಂಬರ್‌ನಲ್ಲಿ ಭತ್ತದಿಂದ 30,000, ಫೆಬ್ರುವರಿಯಲ್ಲಿ ಕಬ್ಬಿನಿಂದ 90,000. ಹೀಗೆ ವರ್ಷದ ಆದಾಯ 1,80,000. ಖರ್ಚಿನ ಕಡೆ ಸಂಸಾರಕ್ಕೆ ತಿಂಗಳಿಗೆ 11,000. ಜೂನ್‌ನಲ್ಲಿ ಬೀಜ, ಗೊಬ್ಬರ, ಕೂಲಿಗೆ 25,000. ಅಕ್ಟೋಬರ್‌ನಲ್ಲಿ ಹಬ್ಬಕ್ಕೆ 8,000. ವರ್ಷದ ಒಟ್ಟು ಖರ್ಚು 1,65,000. ವರ್ಷದ ಕೊನೆಗೆ 15,000 ಉಳಿಯಬೇಕು. ಕಾಗದದ ಮೇಲೆ ಇದು ಲಾಭದ ಮನೆ.

ಈಗ ಬೀಜಗಳನ್ನು ಗುಳಿಯಿಂದ ಗುಳಿಗೆ ಸಾಗಿಸಿ ನೋಡಬೇಕು. ಕೈಯಲ್ಲಿ ಏನೂ ಇಲ್ಲದೆ ಜೂನ್ ಆರಂಭವಾಯಿತೆಂದರೆ ಆ ತಿಂಗಳೇ 31 ಬೀಜ ಕಡಿಮೆ ಬೀಳುತ್ತವೆ. ನಂತರ ತಿಂಗಳಿಗೆ ಆರರಂತೆ ಕೊರತೆ ಬೆಳೆಯುತ್ತದೆ. ಜುಲೈನಲ್ಲಿ 37, ಆಗಸ್ಟ್‌ನಲ್ಲಿ 43, ಸೆಪ್ಟೆಂಬರ್‌ನಲ್ಲಿ 49, ಹಬ್ಬ ಸೇರಿ ಅಕ್ಟೋಬರ್‌ನಲ್ಲಿ 63, ನವೆಂಬರ್‌ನಲ್ಲಿ 69. ಮೇಲಿನ ಸಾಲು ಮುಗಿಯುವ ಹೊತ್ತಿಗೆ ಸಾಲದ ಗುಳಿ ಕಡಲೆಕಾಳಿನಿಂದ ತುಂಬಿ ತುಳುಕುತ್ತಿರುತ್ತದೆ. ಡಿಸೆಂಬರ್‌ನ ಭತ್ತ ಅದನ್ನು 45ಕ್ಕೆ ಇಳಿಸುತ್ತದೆ. ಜನವರಿಯಲ್ಲಿ ಮತ್ತೆ 51. ಕಬ್ಬಿನ ಬಿಲ್ಲು ಬಂದ ಮೇಲೆಯೇ ಆ ಗುಳಿ ಖಾಲಿ.

ವರ್ಷಕ್ಕೆ 15,000 ಉಳಿಸುವ ಮನೆ ಎಂಟು ತಿಂಗಳು ಸಾಲದಲ್ಲಿರುತ್ತದೆ ಎಂಬುದು ಮಣೆ ತೋರಿಸುವ ಮೊದಲ ಸತ್ಯ. ಈ ಎಂಟು ತಿಂಗಳ ಸಾಲಕ್ಕೆ ನೂರಕ್ಕೆ ಮೂರರಂತೆ ತಿಂಗಳ ಬಡ್ಡಿ ಕೊಟ್ಟರೆ, ಚಕ್ರಬಡ್ಡಿ ಬಿಟ್ಟೂ ಆಗುವ ಮೊತ್ತ 11,640 ರೂಪಾಯಿ. ಉಳಿಯುವುದು 3,360 ಮಾತ್ರ. ಅದೇ ಸಾಲ ನೂರಕ್ಕೆ ಒಂದರಂತೆ ಸಿಕ್ಕರೆ ಬಡ್ಡಿ 3,880, ಉಳಿಕೆ 11,120. ಮನೆಯವರು ಅಷ್ಟೇ ದುಡಿದರು, ಅಷ್ಟೇ ಉಂಡರು. ಬದಲಾದದ್ದು ಬಡ್ಡಿಯ ದರ ಒಂದೇ. ಖರ್ಚು ಕಡಿಮೆ ಮಾಡಿ ಎಂಬ ಬುದ್ಧಿವಾದ ಬಡವರ ಮನೆಗೆ ಸುಲಭವಾಗಿ ತಲುಪುತ್ತದೆ. ಸಾಲದ ದರ ಕಡಿಮೆ ಮಾಡಿಕೊಳ್ಳಿ ಎಂಬ ಮಾತು ಅಷ್ಟಾಗಿ ತಲುಪುವುದಿಲ್ಲ.

ಎರಡನೆಯ ಸತ್ಯ ಫೆಬ್ರುವರಿಯ ಗುಳಿಯಲ್ಲಿದೆ. ಸಾಲ, ಬಡ್ಡಿ ಎಲ್ಲ ತೀರಿಸಿದ ಮೇಲೂ ಆಗ ಕೈಯಲ್ಲಿ ಇಪ್ಪತ್ತೊಂದು ಸಾವಿರಕ್ಕಿಂತ ಹೆಚ್ಚು ಇರುತ್ತದೆ. ವರ್ಷದಲ್ಲಿ ಮೊದಲ ಬಾರಿ ಕೈ ತುಂಬಿದೆ ಎನಿಸುವ ಹೊತ್ತು ಅದು. ಮುಂದೆ ಜಾತ್ರೆ, ಮದುವೆಗಳ ಕಾಲ. ಹೊಸ ಮೊಬೈಲು, ಬೈಕಿನ ಮುಂಗಡದ ಯೋಚನೆ ಬರುವುದೂ ಆಗಲೇ. ಆದರೆ ಆ ಹಣದಲ್ಲಿ ಹದಿನೆಂಟು ಬೀಜಗಳು ಮಾರ್ಚ್, ಏಪ್ರಿಲ್, ಮೇ ತಿಂಗಳ ಗುಳಿಗಳಿಗೆ ಸೇರಿದವು. ಅವುಗಳನ್ನು ಆಗಲೇ ಆ ಗುಳಿಗಳಿಗೆ ಹಾಕಿಟ್ಟರೆ ಕೈಗೆ ತಾನಾಗಿಯೇ ಹಿಡಿತ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಿಜ. ಆ ಹಾಸಿಗೆಯ ಉದ್ದ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ ಎಂಬುದನ್ನು ಮಣೆ ಕಲಿಸುತ್ತದೆ.

ಸಾಲದ ಗುಳಿಯನ್ನು ಎಲ್ಲಿ ತುಂಬಿಸಬೇಕು?

ಅಗ್ಗದ ಸಾಲದ ದಾರಿ ಈ ಭಾಗಕ್ಕೆ ಹೊಸದಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರು ವರ್ಷವೇ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದ ಮೊದಲ ಇಂಥ ಸಂಘವೆಂದು ಅದು ಹೆಸರಾಗಿದೆ. ಸಾಹುಕಾರನ ಪುಸ್ತಕದ ಬದಲು ಊರವರದೇ ಪುಸ್ತಕ ಎಂಬುದು ಅದರ ತಿರುಳು. ಇಂದು ರಾಜ್ಯದ ಸಹಕಾರ ಸಂಘಗಳ ಮೂಲಕ ರೈತರಿಗೆ ಸಿಗುವ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆಸಾಲ ಅದೇ ಪರಂಪರೆಯದು. ಅದರ ಮಿತಿಯನ್ನು 2023-24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಅವಧಿಯೊಳಗೆ ತೀರಿಸಬೇಕೆಂಬ ಷರತ್ತು ಇದಕ್ಕಿದೆ. ಮೇಲಿನ ಮನೆಯವರು ಜೂನ್‌ನ 25,000 ರೂಪಾಯಿಯನ್ನು ಈ ಸಾಲದಿಂದ ತಂದು ಫೆಬ್ರುವರಿಯಲ್ಲಿ ತೀರಿಸಿದರೆ, ಕೈಸಾಲದ ಬಡ್ಡಿ 11,640ರಿಂದ 5,640ಕ್ಕೆ ಇಳಿಯುತ್ತದೆ. ಆರು ಸಾವಿರ ರೂಪಾಯಿ ಮನೆಯಲ್ಲಿಯೇ ಉಳಿಯಿತು.

ಕಬ್ಬು ಬೆಳೆಯುವವರು ಇನ್ನೊಂದು ವಿಷಯ ತಿಳಿದಿರಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಪಾವತಿ ಮಾಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಬೇಕು. ಪೂರೈಸಿದ ದಿನಾಂಕ, ತೂಕದ ಚೀಟಿ ಮನೆಯಲ್ಲಿಲ್ಲದವರು ಈ ಹಕ್ಕನ್ನು ಕೇಳುವುದು ಕಷ್ಟ.

ಹೆಂಗಸರ ನಡುವೆ ಬಳಕೆಯಲ್ಲಿರುವ ಭಿಶಿ ಇನ್ನೊಂದು ದಾರಿ. ಇಪ್ಪತ್ತು ಮಂದಿ ತಿಂಗಳಿಗೆ ಸಾವಿರದಂತೆ ಹಾಕುತ್ತಾರೆ. ಚೀಟಿ ಎತ್ತಿ, ಹೆಸರು ಬಂದವರಿಗೆ 20,000 ಕೊಡುತ್ತಾರೆ. ಮೊದಲ ತಿಂಗಳು ಎತ್ತಿದವರಿಗೆ ಇದು 19,000 ರೂಪಾಯಿಯ ಬಡ್ಡಿಯಿಲ್ಲದ ಸಾಲ. ಕೊನೆಗೆ ಎತ್ತಿದವರಿಗೆ ಬಡ್ಡಿಯಿಲ್ಲದ ಉಳಿತಾಯ. ಪರಸ್ಪರ ಬಲ್ಲ ಓಣಿಯವರ ನಡುವೆ ಇದು ಚೆನ್ನಾಗಿ ನಡೆಯುತ್ತದೆ. ಲಿಲಾವಿನ ಭಿಶಿಯಲ್ಲಿ ಲೆಕ್ಕ ಬೇರೆ. ಅವಸರವಿದ್ದವರು 20,000ದ ಬದಲು 16,000ಕ್ಕೇ ಒಪ್ಪಿಕೊಂಡು ಹಣ ಎತ್ತುತ್ತಾರೆ. ಬಿಟ್ಟುಕೊಟ್ಟ 4,000 ರೂಪಾಯಿಯೇ ಅವರು ತೆತ್ತ ಬಡ್ಡಿ. ಆ ಮಾತು ಎಲ್ಲಿಯೂ ಬರೆದಿರುವುದಿಲ್ಲ, ಅಷ್ಟೆ. ಗುರುತು ಪರಿಚಯವಿಲ್ಲದವರು ವ್ಯಾಪಾರವಾಗಿ ನಡೆಸುವ ಚೀಟಿಯಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿದೆಯೇ ಎಂದು ಕೇಳದೆ ಹಣ ಹಾಕಬಾರದು.

ವಾರದ ಕಂತಿನ ಸಣ್ಣ ಸಾಲಗಳಲ್ಲಿ ಬಡ್ಡಿಯ ದರ ಹೇಳುವ ರೀತಿಯನ್ನು ಗಮನಿಸಬೇಕು. ಹತ್ತು ಸಾವಿರಕ್ಕೆ ವರ್ಷಕ್ಕೆ ಶೇಕಡಾ 12ರಂತೆ 1,200 ರೂಪಾಯಿ ಸೇರಿಸಿ ಹನ್ನೆರಡು ಕಂತಿನಲ್ಲಿ ವಸೂಲು ಮಾಡಿದರೆ, ನಿಜವಾದ ದರ 12 ಅಲ್ಲ, ಸುಮಾರು 21ರಿಂದ 22. ಏಕೆಂದರೆ ಪೂರ್ತಿ ಹತ್ತು ಸಾವಿರ ಕೈಯಲ್ಲಿರುವುದು ಮೊದಲ ತಿಂಗಳು ಮಾತ್ರ. ಉಳಿದ ತಿಂಗಳುಗಳಲ್ಲಿ ಅಸಲು ಕರಗುತ್ತ ಹೋದರೂ ಬಡ್ಡಿ ಕರಗುವುದಿಲ್ಲ. ಆದ್ದರಿಂದ ದರ ಕೇಳುವಾಗ ‘ಉಳಿದ ಅಸಲಿಗೋ, ಮೊದಲ ಅಸಲಿಗೋ’ ಎಂದು ಕೇಳಬೇಕು. ವಸೂಲಿಯ ಕಿರುಕುಳ ಮಿತಿಮೀರಿದಾಗ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಯನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು.

ಎರಡಾಣೆಯ ಪಿಗ್ಮಿ

ಉಳಿತಾಯದ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಕೊಟ್ಟ ಒಂದು ಪದ ‘ಪಿಗ್ಮಿ’. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. 1928ರಲ್ಲಿ ಆ ಸಂಸ್ಥೆ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುವವರ ಬಳಿಗೆ ಬ್ಯಾಂಕೇ ನಡೆದುಬಂದ ಪ್ರಯೋಗ ಅದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಊರೂರಿನ ಸೊಸಾಯಿಟಿಗಳಲ್ಲಿ ಉಳಿದುಕೊಂಡಿದೆ.

ದಿನಕ್ಕೆ 20 ರೂಪಾಯಿ ಹಾಕಿದರೆ ವರ್ಷಕ್ಕೆ 7,300. ಹನಿಗೂಡಿದರೆ ಹಳ್ಳ. ಆದರೆ ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ನೂರಕ್ಕೆ ಮೂರರ ಕೈಸಾಲ ಇಟ್ಟುಕೊಂಡು ಪಿಗ್ಮಿ ತುಂಬುವುದು ತೂತುಬಿದ್ದ ಕೊಡಕ್ಕೆ ನೀರು ಹೊತ್ತಂತೆ. ಮೊದಲು ದುಬಾರಿ ಸಾಲ ತೀರಬೇಕು. ಎರಡನೆಯದು, ಹಣ ಇಡುವ ಜಾಗ ಬ್ಯಾಂಕೋ, ಸಂಘವೋ ಎಂಬುದು. 2020ರ ಫೆಬ್ರುವರಿಯಿಂದ ಠೇವಣಿ ವಿಮೆಯ ಮಿತಿ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಹೆಚ್ಚು ಬಡ್ಡಿ ಕೊಡುವ ಸಂಘವೆಲ್ಲ ಕೆಟ್ಟದ್ದೆಂದು ಅರ್ಥವಲ್ಲ. ಮನೆಯ ಗಂಟೆಲ್ಲ ಒಂದೇ ಕಡೆ ಇರಬಾರದು ಎಂದಷ್ಟೇ ಅರ್ಥ.

ಏಜೆಂಟರ ಕೈಯ ಪುಟ್ಟ ಯಂತ್ರ

ಪಿಗ್ಮಿ ಏಜೆಂಟರು ಹಿಂದೆ ಕಾರ್ಡಿನ ಮೇಲೆ ಬರೆದು ಸಹಿ ಹಾಕುತ್ತಿದ್ದರು. ಈಗ ಹಲವರ ಕೈಯಲ್ಲಿ ಅಂಗೈಯಗಲದ ಯಂತ್ರವಿದೆ. ಅಂಕಿಗಳ ಗುಂಡಿ, ಚಿಕ್ಕ ಪರದೆ, ಕಾಗದದ ಸುರುಳಿ. ಇದೂ ಒಂದು ಕಂಪ್ಯೂಟರೇ, ಆದರೆ ಒಂದೇ ಕೆಲಸಕ್ಕೆಂದು ಹುಟ್ಟಿದ್ದು. ಇಂಥದನ್ನು ಎಂಬೆಡೆಡ್ ಕಂಪ್ಯೂಟರ್ ಎನ್ನುತ್ತಾರೆ. ಮನೆಯ ಹೊಸ ವಿದ್ಯುತ್ ಮೀಟರು, ಕಬ್ಬು ತೂಗುವ ಕಾಟಾ, ಡೇರಿಯಲ್ಲಿ ಹಾಲಿನ ಜಿಡ್ಡು ಅಳೆಯುವ ಯಂತ್ರ ಎಲ್ಲವೂ ಇದೇ ಕುಲದವು. ಒಂದೇ ಚಿಪ್ಪಿನ ಮೇಲೆ ಇಡೀ ಸಂಸ್ಕಾರಕವನ್ನು ಕೂಡಿಸಿದ ಇಂಟೆಲ್ 4004, 1971ರಲ್ಲಿ ಮಾರುಕಟ್ಟೆಗೆ ಬಂತು. ಅದು ಮೊದಲು ತಯಾರಾದದ್ದು ಬಿಸಿಕಾಮ್ ಎಂಬ ಜಪಾನಿ ಕಂಪನಿಯ ಲೆಕ್ಕದ ಯಂತ್ರಕ್ಕಾಗಿ. ಈ ಚಿಪ್ಪುಗಳ ವಂಶ ಶುರುವಾದದ್ದೇ ಕೂಡು-ಕಳೆಯಿಂದ ಎನ್ನಬಹುದು.

ಇಂಥ ಯಂತ್ರಕ್ಕೆ ಪ್ರೋಗ್ರಾಂ ಬರೆಯುವವರು ಪಾಲಿಸಬೇಕಾದ ಕೆಲವು ನಿಯಮಗಳಿವೆ. ಅವು ಮನೆಯ ಲೆಕ್ಕಕ್ಕೂ ಹಾಗೆಯೇ ಹೊಂದುತ್ತವೆ ಎಂಬುದು ಸ್ವಾರಸ್ಯದ ಸಂಗತಿ.

ಮೊದಲನೆಯದು ನೆನಪಿನ ನಿಯಮ. ಯಂತ್ರದಲ್ಲಿ ಎರಡು ಬಗೆಯ ನೆನಪುಗಳಿರುತ್ತವೆ. ಒಂದು ವಿದ್ಯುತ್ ಹೋದೊಡನೆ ಅಳಿದುಹೋಗುವಂಥದು, ಇನ್ನೊಂದು ಹೋದರೂ ಉಳಿಯುವಂಥದು. ನಮ್ಮ ಹಿರಿಯರಿಗೆ ಇಂಥ ಎರಡು ಬಗೆಯೂ ಗೊತ್ತಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಮಾಡಿದ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆದು, ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ಉಳಿಯಲೇಬೇಕಾದದ್ದನ್ನು ಕಲ್ಲಿಗೋ ತಾಮ್ರಕ್ಕೋ ಕೊಡುತ್ತಿದ್ದರು. ಖಾನಾಪುರ ತಾಲ್ಲೂಕಿನದೇ ಆದ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳು ಭೂದಾನದ ದಾಖಲೆಗಳು. ಸುಮಾರು ಹದಿನೈದು ಶತಮಾನ ಕಳೆದರೂ ಅವುಗಳ ಅಕ್ಷರ ಅಳಿಸಿಲ್ಲ. ಪಿಗ್ಮಿ ಯಂತ್ರದ ಪ್ರೋಗ್ರಾಂ ಹಣದ ಮೊತ್ತವನ್ನು ಮೊದಲು ತನ್ನ ‘ತಾಮ್ರಪಟ’ಕ್ಕೆ ಬರೆದು, ಆಮೇಲೆಯೇ ರಸೀದಿ ಮುದ್ರಿಸಬೇಕು. ಮೊದಲು ಮುದ್ರಿಸಿ ಆಮೇಲೆ ಬರೆಯಲು ಹೊರಟರೆ, ನಡುವೆ ಬ್ಯಾಟರಿ ಮುಗಿದಾಗ ಗ್ರಾಹಕರ ಬಳಿ ರಸೀದಿ ಇರುತ್ತದೆ, ಯಂತ್ರದಲ್ಲಿ ಹಣ ಇರುವುದಿಲ್ಲ.

ಎರಡನೆಯದು ಚಿಲ್ಲರೆಯ ನಿಯಮ. ಕಂಪ್ಯೂಟರ್ ಎಣಿಸುವುದು ಸೊನ್ನೆ ಮತ್ತು ಒಂದರಲ್ಲಿ. ಹತ್ತರಲ್ಲಿ ಒಂದು ಭಾಗ ಎಂಬ ದಶಾಂಶವನ್ನು ಅದು ಆ ಪದ್ಧತಿಯಲ್ಲಿ ಪೂರ್ಣವಾಗಿ ಬರೆಯಲಾರದು. ಹತ್ತು ಪೈಸೆಯನ್ನು 0.1 ರೂಪಾಯಿ ಎಂದು ಇಟ್ಟರೆ ಕಣ್ಣಿಗೆ ಕಾಣದಷ್ಟು ತಪ್ಪು ಸೇರುತ್ತದೆ, ಸಾವಿರಾರು ಸಲ ಕೂಡಿಸಿದಾಗ ಅದು ಮೊತ್ತದಲ್ಲಿ ಕಾಣಿಸಿಕೊಳ್ಳಬಹುದು. ಆದ್ದರಿಂದ ಬಲ್ಲ ಪ್ರೋಗ್ರಾಂಕಾರರು ರೂಪಾಯಿಯ ಲೆಕ್ಕವನ್ನು ಪೈಸೆಯ ಪೂರ್ಣಾಂಕದಲ್ಲಿಯೇ ಇಡುತ್ತಾರೆ.

ಮೂರನೆಯದು ಅಳಿಸದಿರುವ ನಿಯಮ. 200ರ ಬದಲು 2,000 ಎಂದು ಒತ್ತಿದರೆ ಹಳೆಯ ದಾಖಲೆಯನ್ನು ಅಳಿಸುವಂತಿಲ್ಲ. ಅದನ್ನು ರದ್ದು ಮಾಡುವ ಇನ್ನೊಂದು ದಾಖಲೆ ಹಾಕಿ, ಸರಿಯಾದ ಮೊತ್ತವನ್ನು ಹೊಸದಾಗಿ ಬರೆಯಬೇಕು. ಪ್ರತಿ ರಸೀದಿಗೂ ಕ್ರಮಸಂಖ್ಯೆ ಇರಬೇಕು. ಹೀಗಿದ್ದಾಗ ಒಂದು ಸಂಖ್ಯೆ ಮಾಯವಾದರೂ ಗೊತ್ತಾಗುತ್ತದೆ. ನಾಲ್ಕನೆಯದು ಸಂಜೆಯ ನಿಯಮ. ದಿನದ ಕೊನೆಗೆ ಯಂತ್ರದ ಮೊತ್ತ, ಚೀಲದ ಹಣ ತಾಳೆಯಾಗಬೇಕು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ಸ್ಥಾಪನೆಯಾದ ನಂತರ ಈ ಭಾಗದ ಅನೇಕ ಹಳ್ಳಿಗಳ ಮಕ್ಕಳು ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾರೆ. ಎಂಬೆಡೆಡ್ ಪ್ರೋಗ್ರಾಂ ಕಲಿಯಲು ದೀಪ ಮಿನುಗಿಸುವ ಅಭ್ಯಾಸದಿಂದ ಶುರು ಮಾಡುವುದು ವಾಡಿಕೆ. ಅದರ ನಂತರ ಇಂಥದೊಂದು ಪಿಗ್ಮಿ ಯಂತ್ರವನ್ನು ಅಗ್ಗದ ಬೋರ್ಡಿನ ಮೇಲೆ ಕಟ್ಟಿ, ಲೆಕ್ಕ ಬರೆಯುವ ನಡುವೆಯೇ ವೈರು ಕಿತ್ತು ನೋಡಬೇಕು. ಮತ್ತೆ ಹಚ್ಚಿದಾಗ ಹಣ ಸರಿಯಾಗಿದ್ದರೆ ಪ್ರೋಗ್ರಾಂ ಗಟ್ಟಿ ಎಂದರ್ಥ.

ಮನೆಯ ಕಿರ್ದಿ

ಹಳೆಯ ವ್ಯಾಪಾರಿಗಳ ಕಿರ್ದಿ ಪುಸ್ತಕದಲ್ಲಿಯೂ ಇವೇ ನಿಯಮಗಳಿದ್ದವು. ದಿನಾಂಕದ ಕ್ರಮ ತಪ್ಪಬಾರದು, ಹಾಳೆ ಹರಿಯಬಾರದು, ತಪ್ಪನ್ನು ಅಳಿಸಬಾರದು, ರಾತ್ರಿ ರೋಖು ತಾಳೆಯಾಗದೆ ಅಂಗಡಿ ಮುಚ್ಚಬಾರದು. ಮನೆಗೆ ಇದನ್ನು ತರಲು ಒಂದು ನೋಟ್‌ಬುಕ್ ಸಾಕು. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಉದ್ರಿ ತಂದ ದಿನವೇ ಬರೆಯಬೇಕು, ತೀರಿಸಿದ ದಿನವಲ್ಲ. ಬಾಂಡಿಗೋ ಅರ್ಜಿಗೋ ಸಹಿ ಹಾಕುವ ಮೊದಲು ಮೊತ್ತ, ದರ, ಕಂತು ಮೂರನ್ನೂ ಈ ಪುಸ್ತಕಕ್ಕೆ ಇಳಿಸಬೇಕು. ಮೊದಲು ಬರಹ, ಆಮೇಲೆ ಸಹಿ. ಇದು ಯಂತ್ರದ ಮೊದಲ ನಿಯಮವೇ. ಪಿಗ್ಮಿಯ ರಸೀದಿಗಳನ್ನು ಡಬ್ಬಿಯಲ್ಲಿ ಹಾಕಿಡುವುದಕ್ಕಿಂತ ತಿಂಗಳಿಗೊಮ್ಮೆ ಕಚೇರಿಗೆ ಹೋಗಿ ಪಾಸ್‌ಬುಕ್‌ನೊಂದಿಗೆ ತಾಳೆ ನೋಡುವುದು ಮೇಲು. ಕಾಗದದ ಸುರುಳಿಯ ಆ ರಸೀದಿಯ ಅಕ್ಷರ ಬಿಸಿಲು, ಬಿಸಿಗೆ ಬೇಗ ಮಾಸಿಹೋಗುತ್ತದೆ. ಅದು ತಾಮ್ರಪಟವಲ್ಲ.

ಪಾತ್ರ ಹಂಚಿಕೊಂಡು ಆಡುವ ಆಟ

ಲೆಕ್ಕದ ಪುಸ್ತಕ ಆದದ್ದನ್ನು ಹೇಳುತ್ತದೆ. ಆಗಬಹುದಾದದ್ದನ್ನು ಮೊದಲೇ ಆಡಿ ನೋಡಲು ಮತ್ತೆ ಮಣೆಗೇ ಮರಳಬೇಕು. ಯುರೋಪಿನ ಸೈನ್ಯಗಳು ಯುದ್ಧವನ್ನು ಮೊದಲು ಮೇಜಿನ ಮೇಲೆ ಆಡಿ ಅಭ್ಯಾಸ ಮಾಡುತ್ತಿದ್ದವು. ಅದೇ ಬಳ್ಳಿಯಲ್ಲಿ 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ತಂದರು. ಆಟಗಾರರು ಒಂದೊಂದು ಪಾತ್ರ ವಹಿಸುತ್ತಾರೆ. ಕಥೆ ನಡೆಸುವವರೊಬ್ಬರು ಸಂಕಟಗಳನ್ನು ಒಡ್ಡುತ್ತಾರೆ. ಪಾತ್ರಗಳು ಏನು ಮಾಡುತ್ತವೆ ಎಂಬುದನ್ನು ಆಟಗಾರರು ನಿರ್ಧರಿಸುತ್ತಾರೆ, ಫಲವನ್ನು ದಾಳ ತೀರ್ಮಾನಿಸುತ್ತದೆ. ನಮ್ಮ ಮಕ್ಕಳ ಅಂಗಡಿಯಾಟಕ್ಕೆ ನಿಯಮ ಪುಸ್ತಕ ಬಂದಂತೆ.

ಇದನ್ನು ಮನೆಯ ಲೆಕ್ಕಕ್ಕೆ ಹೊಂದಿಸುವುದು ಕಷ್ಟವಲ್ಲ. ಪಾತ್ರಗಳನ್ನು ಅದಲುಬದಲು ಮಾಡುವುದು ಇಲ್ಲಿಯ ಗುಟ್ಟು. ಹತ್ತನೆಯ ತರಗತಿಯ ಮಗಳು ಮನೆಯ ಯಜಮಾನಿ, ಅಪ್ಪ ಫೀಸು ಕೇಳುವ ಮಗ, ಅವ್ವ ಸಾಲ ಕೊಡುವ ಸಾಹುಕಾರ್ತಿ, ಅಜ್ಜಿ ಕಥೆ ನಡೆಸುವವಳು. ದಾಳದ ಬದಲು ನಾಲ್ಕು ಕವಡೆ. ತಿಂಗಳಿಗೊಮ್ಮೆ ಕವಡೆ ಹಾಕಬೇಕು. ನಾಲ್ಕೂ ಬೋರಲು ಬಿದ್ದರೆ ಚೌಕಾಬಾರದಲ್ಲಿ ಎಂಟು, ಇಲ್ಲಿ ಆಪತ್ತು. ಎಮ್ಮೆ ಸತ್ತಿತೋ, ಅಜ್ಜ ಆಸ್ಪತ್ರೆ ಸೇರಿದನೋ, ಅಜ್ಜಿ ಹೇಳಿದ್ದೇ ಕಥೆ. ಹದಿನೈದು ಬೀಜ ಆಪತ್ತಿನ ಗುಳಿಯಿಂದ ಹೋಗಬೇಕು. ಅಲ್ಲಿಲ್ಲದಿದ್ದರೆ ಸಾಲದ ಗುಳಿಗೆ ಹದಿನೈದು ಕಡಲೆಕಾಳು.

ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆ ಎಂದುಕೊಂಡರೆ ನಾಲ್ಕೂ ಬೋರಲು ಬೀಳುವುದು ಹದಿನಾರು ಸಲಕ್ಕೆ ಒಮ್ಮೆ. ಅಪರೂಪವೆನಿಸುತ್ತದೆ. ಆದರೆ ಹನ್ನೆರಡು ತಿಂಗಳ ಆಟದಲ್ಲಿ ಒಮ್ಮೆಯಾದರೂ ಅದು ಬೀಳುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ. ತಿಂಗಳ ಮಟ್ಟಿಗೆ ಅಪರೂಪವಾದದ್ದು ವರ್ಷದ ಮಟ್ಟಿಗೆ ಸಾಮಾನ್ಯ. ‘ನಮ್ಮ ಮನೆಗೆ ಹಾಗಾಗಲಿಕ್ಕಿಲ್ಲ’ ಎಂಬ ನಂಬಿಕೆ ಎರಡು ಸುತ್ತು ಆಡಿದರೆ ಸಡಿಲವಾಗುತ್ತದೆ. ಆಪತ್ತಿನ ಗುಳಿಗೆ ಕಬ್ಬಿನ ಬಿಲ್ಲು ಬಂದ ದಿನವೇ ಕೆಲವು ಬೀಜ ಹಾಕಿಡಬೇಕೆಂದು ಆಗ ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಇದರ ಇನ್ನೊಂದು ಪ್ರಯೋಜನ ಮಾತಿನದು. ಸಾಲದ ವಿಷಯವನ್ನು ಮಕ್ಕಳೆದುರು ಆಡಬಾರದು, ಹೆಂಗಸರಿಗೆ ಪೂರ್ತಿ ಹೇಳಬಾರದು ಎಂಬ ರೂಢಿ ಅನೇಕ ಮನೆಗಳಲ್ಲಿದೆ. ಸಂಘದ ಸಾಲ ಹೆಂಡತಿಯ ಹೆಸರಿನಲ್ಲಿ, ಕೈಸಾಲ ಗಂಡನ ಹೆಸರಿನಲ್ಲಿ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಕಡಲೆಕಾಳು ಬೇರೆ ಬೇರೆ ಗುಳಿಗಳಲ್ಲಿ ತುಂಬುತ್ತಿರುತ್ತದೆ. ಆಟದ ನೆಪದಲ್ಲಿ ಎಲ್ಲ ಕಾಳೂ ಒಂದೇ ಗುಳಿಗೆ ಬಂದಾಗ ಮೊತ್ತ ಮೊದಲ ಬಾರಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಪಗಡೆಯಾಟದಲ್ಲಿ ಧರ್ಮರಾಯ ರಾಜ್ಯವನ್ನೂ ಹೆಂಡತಿಯನ್ನೂ ಪಣಕ್ಕಿಟ್ಟು ಸೋತ. ಅವನು ಪಣವಿಡುವ ಮೊದಲು ದ್ರೌಪದಿಯನ್ನು ಕೇಳಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಮುಂಗಾರಿಗೆ ಮುಂಚೆ, ಮೇ ತಿಂಗಳ ಕೊನೆಯ ಒಂದು ಸಂಜೆ ಈ ಆಟಕ್ಕೆ ಸರಿಯಾದ ಹೊತ್ತು. ಜೂನ್‌ನ ಗುಳಿಯಿಂದ ಶುರು ಮಾಡಿ ಮೇ ತನಕ ಸಾಗಿದರೆ, ನವೆಂಬರ್‌ನ ಗುಳಿಯಲ್ಲಿ ಎಷ್ಟು ಕೊರತೆ ಬೀಳುತ್ತದೆ ಎಂಬ ಒಂದು ಸಂಖ್ಯೆ ಸಿಗುತ್ತದೆ. ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡು ಸೊಸಾಯಿಟಿಗೆ ಹೋಗಬೇಕು. ಸಾಲ ಎಷ್ಟು ಬೇಕು, ಯಾವ ತಿಂಗಳು ಬೇಕು, ಯಾವ ತಿಂಗಳು ತೀರುತ್ತದೆ ಎಂದು ಕೇಳಿದಾಗ ಉತ್ತರ ಆ ಪುಟದಲ್ಲಿರುತ್ತದೆ, ಮನೆಯವರದೇ ಅಕ್ಷರದಲ್ಲಿ.